ಮತ್ರಾ ಬಂದರಿನ ಮುಯ್ಯಿ

ಸುಂಕದ ಕಟ್ಟೆ

ಮಸ್ಕತ್ತಿನ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ನನ್ನ ಕೈಯಲ್ಲಿ ಗೌರವ್ವ ಕಳಿಸಿದ ಖಡಕ್ ರೊಟ್ಟಿಗಳನ್ನು ಒಂದೊಂದಾಗಿ ಮುರಿದ. ಒಳಗೆ ಏನೋ ಅಡಗಿದೆ ಎಂದು ಅವನಿಗೆ ಗುಮಾನಿ. ಮುರಿದ, ಮೂಸಿದ, ದೀಪದ ಬೆಳಕಿಗೆ ಹಿಡಿದ. ಜೋಳದ ರೊಟ್ಟಿಯ ಹೊಟ್ಟೆಯಲ್ಲಿ ಜೋಳವಲ್ಲದೆ ಇನ್ನೇನಿರುತ್ತದೆ? ಇದು ಊಟ, ಒಣಗಿಸಿದ್ದು, ತಿಂಗಳಾದರೂ ಕೆಡುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ, ಹಿಂದಿಯಲ್ಲಿ ಹೇಳಿದೆ, ಬಾರದ ಅರಬ್ಬಿಯಲ್ಲೂ ಹೇಳಿದೆ. ಕೊನೆಗೆ ಒಂದು ಚೂರು ಬಾಯಿಗೆ ಹಾಕಿಕೊಂಡು ಕಟಂ ಎಂದು ಕಡಿದು ತೋರಿಸಿದೆ. ಅವನು ನಗಲೂ ಇಲ್ಲ. ಚೂರುಗಳನ್ನು ಬಟ್ಟೆಯೊಳಗೆ ತಳ್ಳಿ ಮುಂದಿನವನನ್ನು ಕರೆದ.

ಸಿಟ್ಟು ಅಲ್ಲಿಂದ ಸುರುವಾಯಿತು. ಪ್ರವಾಸ ಮುಗಿಯುವವರೆಗೆ ಆರಲಿಲ್ಲ. ಇದನ್ನು ಬರೆಯುವಾಗಲೂ ಆರಿಲ್ಲ. ಓದುವವರು ಸುಧಾರಿಸಿಕೊಳ್ಳಬೇಕು.

ಗೌರವ್ವ ನಮ್ಮ ಯರಗುಪ್ಪಿಯ ಸಿದ್ದಪ್ಪನ ಹೆಂಡತಿ. ಸಿದ್ದಪ್ಪ ಮಸ್ಕತ್ತಿನ ಪಕ್ಕದ ಮತ್ರಾ ಬಂದರಿನಲ್ಲಿ ಚೀಲ ಹೊರುತ್ತಿದ್ದ. ಕರಾರು ಮುಗಿದು ಎಷ್ಟೋ ಕಾಲವಾದರೂ ಗುತ್ತಿಗೆದಾರ ಅವನ ಪಾಸ್‌ಪೋರ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ನಾನು ನಮ್ಮ ಕೇರಿಯ ಮೊದಲ ಪದವೀಧರ, ಕೃಷಿ ಬಿ.ಎಸ್ಸಿ. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಹಿಂದೊಮ್ಮೆ ಆ ದೇಶದ ಒಂದು ತೋಟದಲ್ಲಿ ಎರಡು ವರ್ಷ ಮೇಲ್ವಿಚಾರಕನಾಗಿದ್ದೆ. ಈಗ ಅದೇ ತೋಟದವರು ಹೊಸ ಬೀಜದ ಬೆಳೆ ನೋಡಿಹೋಗು ಎಂದು ಕೆಲವು ದಿನದ ಮಟ್ಟಿಗೆ ಕರೆಸಿದ್ದರು. ಸುದ್ದಿ ತಿಳಿದು ಗೌರವ್ವ ನಮ್ಮ ಕೇರಿಗೆ ಬಂದಳು. ಆ ಮನೆಯವರು ಆಳು ಕರೆಯುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ನಮ್ಮ ಕೇರಿಗೆ ಬಂದವರಲ್ಲ. ಹೊಸ್ತಿಲು ದಾಟದೆ, ಕಟ್ಟೆಯ ಮೇಲೆ ರೊಟ್ಟಿಯ ಗಂಟು ಇಟ್ಟಳು.

"ಪರಸಪ್ಪಾ, ನೀ ಕಲ್ತಾಂವ ಅದಿ. ಆ ಊರು ನೋಡಿದಾಂವ. ಅವರನ್ನ ಕರ್ಕೊಂಡ ಬಾರಪಾ. ನಿನ್ನ ಬಿಟ್ರ ನನಗ ಯಾರ ಅದಾರ?"

ನಮ್ಮವ್ವ ನೀರು ಬೇಕೇನು ಎಂದು ಅವಳನ್ನು ಕೇಳಲಿಲ್ಲ. ಕೇಳಿ ಅವಳನ್ನು ಇಕ್ಕಟ್ಟಿಗೆ ಹಾಕಬಾರದು ಎಂಬುದು ಅವ್ವನ ಲೆಕ್ಕ. ನನಗೆ ಆ ಲೆಕ್ಕದ ಮೇಲೂ ಸಿಟ್ಟು ಬಂತು.

ಮಸ್ಕತ್ತಿನ ಬಂಡೆಗಳು

ತೋಟ ದೂರದ ಕರಾವಳಿಯಲ್ಲಿತ್ತು. ಬೀಜ ನೋಡುವ ಕೆಲಸಕ್ಕಿಂತ ಹೆಚ್ಚು ಹೊತ್ತು ಸಿದ್ದಪ್ಪನ ಕಾಗದಕ್ಕೇ ಹೋಯಿತು. ನನ್ನ ಹಳೆಯ ಸಾಹೇಬರು ಗುತ್ತಿಗೆದಾರನಿಗೆ ಹೇಳಿಕಳಿಸಿ, ಬೈದು, ಕಡೆಗೆ ಪಾಸ್‌ಪೋರ್ಟು, ಕರಾರಿನಂತೆ ಕೊಡಲೇಬೇಕಾದ ಟಿಕೆಟ್ಟು, ದೇಶ ಬಿಡಲು ಅಪ್ಪಣೆ ಚೀಟಿ, ಮೂರನ್ನೂ ನನ್ನ ಕೈಗೆ ಹಾಕಿಸಿದರು. ಚೀಟಿ ನಡೆಯುವುದು ನಾನು ಹೊರಡುವ ದಿನ ಮಾತ್ರ. ಅವತ್ತು ಸಂಜೆಯ ವಿಮಾನ ತಪ್ಪಿದರೆ ಚೀಟಿ ಹಾಳು, ಪಾಸ್‌ಪೋರ್ಟು ಮತ್ತೆ ಕಪಾಟಿಗೆ. ಬೆಳಿಗ್ಗೆ ಗಂಟು ಕಟ್ಟಿಕೊಂಡು ನಿನ್ನ ವಸತಿಯಲ್ಲೇ ಕೂತಿರು ಎಂದು ಲಾರಿಯವನೊಬ್ಬನ ಕೈಯಲ್ಲಿ ಸಿದ್ದಪ್ಪನಿಗೆ ಹೇಳಿಕಳಿಸಿದೆ.

ಬೆಳಕು ಹರಿಯುವಾಗ ತೋಟದ ಗಾಡಿ ನನ್ನನ್ನು ಹಳೆಯ ಮಸ್ಕತ್ತಿನಲ್ಲಿ ಇಳಿಸಿತು. ಮತ್ರಾದವರೆಗೆ ಸಮುದ್ರದ ದಂಡೆಯಲ್ಲೇ ದಾರಿ. ಬಾಡಿಗೆ ಕಾರಿನವನು ಹಾರ್ನ್ ಹೊಡೆದ, ನಾನು ಬೇಡ ಎಂದೆ. ಹಿಂದೆ ಈ ಪಟ್ಟಣವನ್ನು ಪಿಕಪ್ ಗಾಡಿಯ ಹಿಂಭಾಗದಲ್ಲಿ ಗೊಬ್ಬರದ ಚೀಲದ ಮೇಲೆ ಕೂತು, ಹಿಮ್ಮುಖವಾಗಿ ನೋಡಿದ್ದೆ. ಪ್ರತಿ ಕಟ್ಟಡವೂ ನನ್ನಿಂದ ದೂರ ಓಡುತ್ತಲೇ ಇತ್ತು. ಅಂದು ನನ್ನ ಪಾಸ್‌ಪೋರ್ಟೂ ಇನ್ನೊಬ್ಬರ ಕಪಾಟಿನಲ್ಲಿತ್ತು. ಇವತ್ತು ಅದು ನನ್ನ ಎದೆಯ ಕಿಸೆಯಲ್ಲಿತ್ತು. ಪಟ್ಟಣ ನನ್ನ ಮುಂದಿನಿಂದ ಬರಲಿ, ನನ್ನ ಕಾಲ ಕೆಳಗೆ ಸಾಗಲಿ ಎಂದು ನಡೆದೆ. ಹುಬ್ಬಳ್ಳಿಯ ಹೊಸ ಬೂಟು ಮೊದಲ ತಿರುವಿಗೇ ಹಿಮ್ಮಡಿ ಕಚ್ಚಿತು. ಬಿಚ್ಚಲಿಲ್ಲ. ಬರಿಗಾಲಿನಲ್ಲಿ ನಡೆದದ್ದು ಸಾಕಾಗಿದೆ.

ಮಸ್ಕತ್ತಿನ ಬಂದರನ್ನು ಕರಿಗೆಂಪು ಬಂಡೆಗಳು ಸುತ್ತುವರಿದಿವೆ. ಗಿಡವಿಲ್ಲ, ಹುಲ್ಲಿಲ್ಲ, ಒಲೆಯಿಂದ ತೆಗೆದ ಹೆಂಚಿನ ಹಾಗೆ ಇವೆ. ಬಂದುಹೋದ ಹಡಗುಗಳ ನಾವಿಕರು ಆ ಬಂಡೆಗಳ ಮೇಲೆ ತಮ್ಮ ಹಡಗಿನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆದಿದ್ದಾರೆ. ನಮ್ಮ ಕಡೆ ಗುಡಿಗೆ ಫ್ಯಾನು ಕೊಟ್ಟವರು ಅದರ ಮೂರೂ ರೆಕ್ಕೆಯ ಮೇಲೆ ಅಪ್ಪನ ಹೆಸರು ಬರೆಸುತ್ತಾರೆ. ತಿರುಗಿದಾಗ ಓದಲು ಬರುವುದಿಲ್ಲ, ನಿಂತಾಗ ಗಾಳಿ ಬರುವುದಿಲ್ಲ. ಬಂಡೆಯಾದರೆ ತಿರುಗುವುದಿಲ್ಲ, ಆ ಮಟ್ಟಿಗೆ ಇವರು ಜಾಣರು.

ಮೀನಿನ ಪೇಟೆ

ಮತ್ರಾದ ದಂಡೆಯಲ್ಲಿ ಹಳೆಯ ಬಿಳಿ ಮನೆಗಳ ಸಾಲು, ಮರದ ಕೆತ್ತನೆಯ ಬಾಲ್ಕನಿಗಳು, ಮೇಲೆ ಬಂಡೆಯ ತುದಿಯಲ್ಲಿ ಕೋಟೆ. ಚೆಂದದ ಊರು, ಸುಳ್ಳು ಹೇಳುವುದಿಲ್ಲ. ಸಂದಿಯ ಅಂಗಡಿಗಳಿಂದ ಲೋಬಾನದ ಹೊಗೆ ಬರುತ್ತದೆ. ರಸ್ತೆಯಲ್ಲಿ ಆಡುಗಳು ರಟ್ಟಿನ ಪೆಟ್ಟಿಗೆ ತಿನ್ನುತ್ತ ಓಡಾಡುತ್ತವೆ, ಯಾರೂ ಹೊಡೆಯುವುದಿಲ್ಲ. ಅದರಲ್ಲೊಂದು ನನ್ನ ಬೆನ್ನಿಗೇ ಬಂದು ರೊಟ್ಟಿಯ ಗಂಟಿಗೆ ಬಾಯಿ ಹಾಕಿತು. ಒಂದು ಚೂರು ಕೊಟ್ಟೆ. ಕಣ್ಣು ಮುಚ್ಚಿಕೊಂಡು ತಿಂದಿತು. ಸುಂಕದವನಿಗೆ ತಿಳಿಯದ್ದು ಆಡಿಗೆ ತಿಳಿಯಿತು.

ಮೀನಿನ ಪೇಟೆಯ ಬಾಜುಕ್ಕೆ ಮುದುಕರು ಚಾಪೆಯ ಮೇಲೆ ಕೂತು ಕಹ್ವಾ ಕುಡಿಯುತ್ತಿದ್ದರು. ಕಹ್ವಾ ಎಂದರೆ ಹಾಲು ಸಕ್ಕರೆ ಇಲ್ಲದ ಏಲಕ್ಕಿ ಕಾಫಿ, ಕಿವಿ ಇಲ್ಲದ ಪುಟ್ಟ ಬಟ್ಟಲಿನಲ್ಲಿ. ದಾರಿಹೋಕನನ್ನೂ ಕರೆದು ಕೂರಿಸುತ್ತಾರೆ. ಬಟ್ಟಲನ್ನು ಅಲುಗಾಡಿಸಿ ಕೊಟ್ಟರೆ ಸಾಕು ಎಂದರ್ಥ, ಸುಮ್ಮನೆ ಕೊಟ್ಟರೆ ಮತ್ತೆ ತುಂಬುತ್ತಾರೆ. ಮೊದಲ ಸಲ ಬಂದಾಗ ಇದು ತಿಳಿಯದೆ, ಬೇಡ ಎನ್ನಲು ನಾಚಿ, ಎದೆ ಡವಡವ ಎನ್ನುವವರೆಗೆ ಕುಡಿದಿದ್ದೆ. ಈ ಸಲ ಜಾಣನಾಗಿ ಅಲುಗಾಡಿಸಿದೆ. ಎದುರಿನ ಮುದುಕ ನನ್ನ ಬಟ್ಟಲನ್ನೇ ಇಸಿದುಕೊಂಡು, ತೊಳೆಯದೆ, ಅದರಲ್ಲೇ ತನಗೆ ಹೊಯ್ದುಕೊಂಡು ಕುಡಿದ. ನಾನು ಯಾರ ಮಗ, ಯಾವ ಕೇರಿ ಎಂದು ಕೇಳಲಿಲ್ಲ. ಕುಂದಗೋಳದಲ್ಲಿ ನಾನು ಓದುತ್ತಿದ್ದಾಗ ಚಹಾದಂಗಡಿಯಲ್ಲಿ ನಮಗೆ ಬೇರೆ ಬಸಿ ಇತ್ತು, ಕುಡಿದು ನಾವೇ ತೊಳೆದು ಹೊರಗಿನ ಗೂಟಕ್ಕೆ ಸಿಗಿಸಬೇಕಿತ್ತು. ಮುದುಕ ಕುಡಿದ ರೀತಿಗೆ ಸಂತೋಷಪಡಬೇಕಾಗಿತ್ತು. ಇಷ್ಟು ಸಲೀಸಾದ ಕೆಲಸಕ್ಕೆ ನಮ್ಮವರಿಗೆ ಏನು ಧಾಡಿ ಎಂದು ಸಿಟ್ಟೇ ಬಂತು.

ತಗಡಿನ ಸಾಲು

ಬಿಳಿ ಮನೆಗಳ ಹಿಂದೆ, ಪ್ರವಾಸಿಗರು ಹೋಗದ ಕಡೆ, ಕೂಲಿಗಳ ತಗಡಿನ ಮನೆಗಳಿವೆ. ಸಿದ್ದಪ್ಪನ ಖೋಲಿಯಲ್ಲಿ ಮಂಚದ ಮೇಲೆ ಮಂಚ. ಅವನ ಗಂಟು ಕಟ್ಟಿ ಇಟ್ಟಿತ್ತು. ಅವನು ಇರಲಿಲ್ಲ.

"ಜೊತೆಯ ಕೂಲಿ ಮುರಾದನ ಬದಲಿಗೆ ಹೋಗಿದ್ದಾನೆ, ಮರದ ಹಡಗು ಬಂದಿದೆ" ಎಂದ ಅಡುಗೆಯವನು, ಹಿಂದಿಯಲ್ಲಿ.

"ಇವತ್ತು ಸಂಜೆ ಊರಿಗೆ ಹೋಗುವವನು ಕೆಲಸಕ್ಕೆ ಹೋಗಿದ್ದಾನೆಯೇ?"

"ನಾನೂ ಹಾಗೇ ಅಂದೆ. ನಿಮ್ಮ ದೇಶದವನು, ನೀವೇ ಕೇಳಿ."

ಹಿಮ್ಮಡಿಯ ಗುಳ್ಳೆ ಒಡೆದಿತ್ತು. ಬಿರಬಿರನೆ ಬಂದರಿಗೆ ನಡೆದೆ.

ಧಕ್ಕೆ

ಮರದ ಹಡಗು ಧಕ್ಕೆಯ ಕಟ್ಟೆಗೆ ಒರಗಿ ನಿಂತಿತ್ತು. ಇಳಿಯುತ್ತಿದ್ದದ್ದು ಉಳ್ಳಾಗಡ್ಡಿ, ಮುಂಬೈಯಿಂದ ಬಂದ ನಮ್ಮ ದೇಶದ ಉಳ್ಳಾಗಡ್ಡಿ. ನವಲಗುಂದದ ಸಂತೆಯ ವಾಸನೆ ಆ ಸಮುದ್ರದ ದಂಡೆಯಲ್ಲಿ ಗಪ್ಪೆಂದು ಹೊಡೆಯಿತು. ಉಳ್ಳಾಗಡ್ಡಿ ಬರಬಹುದು, ಹೋಗಬಹುದು, ಅದರ ಪಾಸ್‌ಪೋರ್ಟನ್ನು ಯಾರೂ ಬಚ್ಚಿಡುವುದಿಲ್ಲ. ಕೆಳಗೆ ಮನುಷ್ಯರು, ಮೇಲೆ ಚೀಲಗಳು. ಮುಖ ಕಾಣದಿದ್ದರೂ ನಡಿಗೆಯಿಂದ ಸಿದ್ದಪ್ಪನನ್ನು ಗುರುತಿಸಿದೆ. ಎರಿ ಹೊಲದ ಕೆಸರಿನಲ್ಲಿ ಕಾಲು ಕಿತ್ತಿಟ್ಟು ನಡೆಯುವವರ ನಡಿಗೆ ಅದು, ಒಣ ಸಿಮೆಂಟಿನ ಮೇಲೂ ಹೋಗುವುದಿಲ್ಲ.

"ಲೇ ಸಿದ್ದಪ್ಪಾ! ಏನ ಮಾಡಾಕತ್ತಿ ಇಲ್ಲೆ?"

ಚೀಲ ಲಾರಿಗೆ ಹಾಕಿ ಬೆವರು ಒರೆಸಿಕೊಂಡು ಬಂದ. ಸೊರಗಿದ್ದ. ಚಿಕ್ಕಂದಿನಲ್ಲಿ ನನ್ನನ್ನು 'ಪರಸ್ಯಾ' ಎಂದು ಕೂಗುತ್ತಿದ್ದವನು, "ಪರಸಪ್ಪಣ್ಣಾ, ಬಂದ್ರೇನ್ರಿ" ಎಂದ. ಕಣ್ಣಲ್ಲಿ ನೀರು ಬಂತು ಅವನಿಗೆ. ನನಗೆ ಬರಲಿಲ್ಲ.

"ಬಂದೀನಿ. ಚೀಟಿ ಐತಿ, ಟಿಕೇಟ ಐತಿ. ನಡಿ, ಹೋಗೂಣು."

"ಸಂಜಿಗೆ ಬರ್ತೀನ್ರಿ. ಇವತ್ತೊಂದ ದಿನ ಮುರಾದಂದು ಐತ್ರಿ. ನನಗ ಕಾಮಾಲಿ ಆಗಿ ಮಲಗಿದ್ದಾಗ ನನ್ನ ಪಾಳಿ ಎಲ್ಲಾ ಅಂವನ ಹೊತ್ತಾನ. ಇಲ್ಲಂದ್ರ ಆಗ ನನ್ನ ತಗದ ಒಗಿತಿದ್ರು. ಒಂದೊಂದ ದಿನಾ ಮಾಡಿ ತೀರಸ್ಕೋತ ಬಂದೀನಿ. ಕಡೀದು ಇದ. ಅವನ ಹೇಣ್ತಿ ಹಡದಾಳ್ರಿ, ದವಾಖಾನಿಯಿಂದ ಮನಿಗೆ ಕರ್ಕೊಂಡ ಹೋಗ್ಯಾನ. ನಾ ಇಲ್ಲಂದ್ರ ಅವನ ಜಾಗಾ ಹೋಗ್ತದ."

"ಹಡಗ ಖಾಲಿ ಆಗೂದು ಯಾವಾಗ?"

"ದೀಪಾ ಹಚ್ಚೂ ಹೊತ್ತಿಗೆ."

"ಅಷ್ಟರಾಗ ವಿಮಾನ ನಮ್ಮ ನೆತ್ತಿ ಮ್ಯಾಲೆ ಹಾರಿ ಹೋಗಿರ್ತದಲೇ! ನಿನ್ನ ಹೇಣ್ತಿ ನಮ್ಮ ಕೇರಿ ತನಕಾ ನಡಕೊಂಡ ಬಂದಾಳ. ನಿಮ್ಮನ್ಯಾಗ ಯಾರರ ಬಂದಿದ್ರೇನು ಇಲ್ಲೀತನಕಾ?"

ಅವನು ತಲೆ ತಗ್ಗಿಸಿದ. "ಗೊತ್ತೈತ್ರಿ. ಆದ್ರ ಮುಯ್ಯಿ ಹೊತ್ಕೊಂಡ ಊರಿಗೆ ಹೆಂಗ ಬರ್ಲಿ?"

ಮುಯ್ಯಿ! ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು, ನಡುವೆ ರೊಕ್ಕವಿಲ್ಲ, ಮಧ್ಯಾಹ್ನ ಹೊಲದವನ ಮನೆಯ ಊಟ. ನಮ್ಮ ಕಡೆಯ ಈ ಪದ್ಧತಿಯನ್ನು ಹೊಗಳುವ ಭಾಷಣಗಳನ್ನು ಕಾಲೇಜಿನಲ್ಲಿ ಬೇಕಾದಷ್ಟು ಕೇಳಿದ್ದೇನೆ. ಭಾಷಣದಲ್ಲಿ ಬಾರದ ಮಾತೊಂದಿದೆ. ಹೊಲ ಇದ್ದವರಿಗೆ ಮುಯ್ಯಿ, ಇಲ್ಲದವರಿಗೆ ಕೂಲಿ. ನಮ್ಮಪ್ಪನನ್ನು ಯಾರೂ ಮುಯ್ಯಿಗೆ ಕರೆಯಲಿಲ್ಲ. ಅಪ್ಪ ಸಿದ್ದಪ್ಪನ ಹೊಲದಲ್ಲೇ ಬೆನ್ನು ಬಾಗಿಸಿದ. ಅಪ್ಪ ಉಣ್ಣುವ ತಗಡಿನ ತಾಟನ್ನು ಅವರ ದನದ ಕೊಟ್ಟಿಗೆಯ ಜಂತಿಗೆ ಸಿಗಿಸಿರುತ್ತಿದ್ದರು. ನಾನು ಓದಿದ್ದೂ ಮುಯ್ಯಿಯಿಂದಲ್ಲ, ಗುಡಗೇರಿ ಸ್ಟೇಷನ್ನಿನಲ್ಲಿ ಕಾಳಿನ ಚೀಲ ಹೊತ್ತು. ಪದವಿಯ ಫಲಿತಾಂಶ ಬಂದ ದಿನ, ಈ ಹೆಗಲು ಇನ್ನು ಚೀಲ ಕಾಣುವುದಿಲ್ಲ ಎಂದು ಅವ್ವನ ಮುಂದೆ ಆಣೆ ಮಾಡಿದ್ದೆ. ಈಗ ಆ ಮನೆಯ ಮಗ ಸಮುದ್ರದಾಚೆ, ಮುರಾದನೆಂಬ ಬಲೂಚಿಯ ಜೊತೆ ಮುಯ್ಯಿ ಹೂಡಿ, ಅದನ್ನು ನನಗೆ ಕಲಿಸುತ್ತಿದ್ದಾನೆ!

ಬಿಟ್ಟುಹೋಗಬಹುದಿತ್ತು. ಗೌರವ್ವನಿಗೆ ಹೇಳಲು ಮಾತೂ ಸಿದ್ಧವಿತ್ತು, 'ನಿನ್ನ ಗಂಡ ಬರಲಿಲ್ಲವ್ವಾ' ಎಂದು. ಸಿಟ್ಟು ಬಿಡಲಿಲ್ಲ. ಕಪಾಟಿನ ಬೀಗ ತೆಗೆಸಿದವನು ನಾನು. ಅದು ಉಳ್ಳಾಗಡ್ಡಿಯ ಸಲುವಾಗಿ ಮತ್ತೆ ಮುಚ್ಚುವುದೆಂದರೇನು? ಅಂಗಿ ಬಿಚ್ಚಿದೆ. ಬೂಟು ಬಿಚ್ಚಿದೆ. ಎರಡನ್ನೂ ಹಗ್ಗ ಕಟ್ಟುವ ಕಬ್ಬಿಣದ ಗುಂಡಿನ ಮೇಲೆ ಇಟ್ಟು, ಕಾಗದಗಳನ್ನು ಪ್ಯಾಂಟಿನ ಒಳಕಿಸೆಗೆ ಹಾಕಿ, ಹಡಗಿನ ಹಲಗೆ ಹತ್ತಿದೆ.

ಕೂಲಿಗಳ ಮೇಲಿನ ಮುಕಾದಮ ಬೆಳಗಾವಿ ಕಡೆಯವನು, ಛತ್ರಿ ಹಿಡಿದು ನಿಂತಿದ್ದ. "ಏನ್ ಸಾಹೇಬ್ರ," ಎಂದು ಹಲ್ಲು ಕಿರಿದ, "ಡಿಗ್ರಿ ಮ್ಯಾಲೆ ಚೀಲಾ ಇಟ್ರ ಹರೀತದ ನೋಡ್ರಿ!"

"ಹರದ್ರ ಹೊಲ್ಕೋತೀನಿ. ನೀ ಛತ್ರಿ ಗಟ್ಟಿ ಹಿಡಿ, ನಿಂದರ ಬಣ್ಣಾ ಉಳೀಲಿ."

ಹಲಗೆಯ ಕೆಳಗೆ ಯಾರೋ ಹೋ ಎಂದು ನಕ್ಕರು. ಮೊದಲ ಚೀಲಕ್ಕೆ ಕತ್ತು ಒಳಗೆ ಹೋದ ಹಾಗಾಯಿತು. ಆಮೇಲೆ ಹೆಗಲಿಗೆ ಗುಡಗೇರಿ ನೆನಪಾಯಿತು. ಬಿಸಿಲಿಗೆ ಕಟ್ಟೆ ಕಾದು ಅಂಗಾಲು ಸುಡುತ್ತಿತ್ತು. ಸಿದ್ದಪ್ಪ ಎರಡು ಸಲ ಅಡ್ಡ ಬಂದು, "ಬ್ಯಾಡ್ರಿ ಅಣ್ಣಾ, ನಿಮ್ಮ ಕಾಲ ಬೀಳ್ತೀನಿ" ಎಂದ. "ಕಾಲ ಆಮ್ಯಾಲೆ ಬೀಳು, ಮೊದಲ ಬಾಜು ಸರಿ" ಎಂದೆ. ಇನ್ನೊಂದು ಹೆಗಲು ಕೂಡಿದ್ದು ನೋಡಿ ಉಳಿದವರೂ ಕಾಲು ಚುರುಕು ಮಾಡಿದರು.

ಮಧ್ಯಾಹ್ನ ಲಾರಿಯ ನೆರಳಲ್ಲಿ ಒಂದೇ ದೊಡ್ಡ ಹರಿವಾಣ ಬಂತು, ಅನ್ನ ಮತ್ತು ಬೇಳೆ. ಸುತ್ತ ಎಲ್ಲರೂ ಕೂತರು. ನಾನು ಗೌರವ್ವನ ಗಂಟು ಬಿಚ್ಚಿ ರೊಟ್ಟಿಯ ಚೂರುಗಳನ್ನು ಅದರಲ್ಲಿ ಸುರಿದೆ. ಮುರಿಯುವ ಕೆಲಸವನ್ನು ಸುಂಕದವನು ಮೊದಲೇ ಮಾಡಿಕೊಟ್ಟಿದ್ದ. ಸಿದ್ದಪ್ಪ ಒಂದು ಚೂರನ್ನು ಮೂಗಿಗೆ ಹಿಡಿದು ಎಷ್ಟೋ ಹೊತ್ತು ಇಟ್ಟುಕೊಂಡ. ಆಮೇಲೆ ಬೇಳೆಯಲ್ಲಿ ಅದ್ದಿ ತಿಂದ. ಅವನ ಬೆರಳು ನನ್ನ ಬೆರಳಿಗೆ ತಾಗುತ್ತಿತ್ತು. ನಾನು ಕಲಸಿದ ತುತ್ತಿನ ಅಂಚಿನಿಂದಲೇ ಅವನು ತುತ್ತು ತೆಗೆದ.

ಬಿಸಿಲು ಇಳಿಯುವ ಮೊದಲೇ ಹಡಗು ಖಾಲಿಯಾಯಿತು. ಮುರಾದ್ ಓಡುತ್ತ ಬಂದ, ಎತ್ತರದ ಆಳು, ಕೈಯಲ್ಲಿ ಹೆಣ್ಣು ಹುಟ್ಟಿದ ಸಿಹಿ. ನಾನು ಹೊತ್ತದ್ದನ್ನು ಕೇಳಿ ನನ್ನ ಹೆಗಲಿನ ಗಾಯದ ಕಡೆ ನೋಡಿ, ತನ್ನ ರುಮಾಲು ಬಿಚ್ಚಿ ಅದರ ಮೇಲೆ ಹೊದಿಸಿದ. ವಿಮಾನ ನಿಲ್ದಾಣಕ್ಕೆ ಉಳ್ಳಾಗಡ್ಡಿ ಲಾರಿಯೇ ನಮ್ಮನ್ನು ಒಯ್ದಿತು. ಮತ್ತೆ ಆ ಪಟ್ಟಣವನ್ನು ಲಾರಿಯ ಹಿಂಭಾಗದಿಂದ, ಹಿಮ್ಮುಖವಾಗಿಯೇ ನೋಡಿದೆ.

ವಿಮಾನ ಮೇಲೇರಿದ ಮೇಲೆ ಸಿದ್ದಪ್ಪ ಮೆಲ್ಲಗೆ ಅಂದ. "ಮುರಾದಂದು ತೀರ್ತು. ಈಗ ನಿಮ್ಮ ಅರ್ಧಾ ದಿನ ನನ್ನ ಮ್ಯಾಲೆ ಬಂತ್ರಿ."

"ನನಗೇನ ಹೊಲ ಐತೇನಲೇ, ಎಲ್ಲಿ ತೀರಸ್ತಿ?"

"ಮನಿ ಕಟ್ಟಸ್ತೀರಂತಲ್ಲರಿ. ಬುನಾದಿಗೆ ಬರ್ತೀನಿ."

ಅವರ ಮನೆಯಿಂದ ನಮ್ಮ ಮನೆಗೆ ಮುಯ್ಯಿ! ಅಪ್ಪ ಇರಬೇಕಿತ್ತು. ಆ ಒಂದು ಗಳಿಗೆ ನನಗೆ ಸಿಟ್ಟಿರಲಿಲ್ಲ.

ಯರಗುಪ್ಪಿ

ಬಂದ. ಮಾತಿಗೆ ತಪ್ಪಲಿಲ್ಲ. ಬುನಾದಿ ತೆಗೆಯುವ ದಿನ ಹಾಡಹಗಲೇ, ಊರ ನಡುವಿನ ಹಾದಿಯಲ್ಲಿ, ತನ್ನ ಗುದ್ದಲಿ ಹೆಗಲಿಗಿಟ್ಟುಕೊಂಡು ನಮ್ಮ ಕೇರಿಗೆ ಬಂದ. ಎರಿ ಮಣ್ಣಿನಲ್ಲಿ ಕೆಳಗಿನ ಗಟ್ಟಿ ಗರಸು ಸಿಗುವವರೆಗೆ ಅಗೆಯದಿದ್ದರೆ ಗೋಡೆ ಬಿರಿಯುತ್ತದೆ. ಮೂಡಣ ಗೋಡೆಯ ಗುಂಡಿಯಲ್ಲಿ ಎದೆಯ ಮಟ್ಟ ಇಳಿದು ಅಗೆದ. ಕೇರಿಯ ಜನ ಕಟ್ಟೆಯ ಮೇಲೆ ಕೂತು ನೋಡಿದರು.

ಮಧ್ಯಾಹ್ನ ಅವ್ವ ರೊಟ್ಟಿ, ಝುಣಕ, ಒಡೆದ ಉಳ್ಳಾಗಡ್ಡಿ ತಂದಿಟ್ಟಳು. ಹೊಸ ತಾಟು. ಸಿದ್ದಪ್ಪ ಗುಂಡಿಯಿಂದ ಹತ್ತಿ ಬಂದು ಕೈ ಝಾಡಿಸಿಕೊಂಡ. ತಾಟಿನ ಕಡೆ ನೋಡಲಿಲ್ಲ.

"ನಾ ಮನಿಗೆ ಹೋಗಿ ಉಂಡ ಬರ್ತೀನ್ರಿ ಸರ್ರ."

"ಹೋಗ್ಲಿ ಬಿಡಪಾ" ಎಂದಳು ಅವ್ವ, ನನ್ನ ಮುಖ ನೋಡಿ.

ನಾನು ಬಿಡಲಿಲ್ಲ. "ಮತ್ರಾದಾಗ ಒಂದ ಹರಿವಾಣದಾಗ ಉಂಡೀ."

"ಅದು ಮತ್ರಾ ರೀ. ಅಲ್ಲೆ ನನ್ನ ಗುರತಾ ಯಾರಿಗೈತಿ? ಇಲ್ಲೆ ಅಪ್ಪ ಅದಾನ, ಓಣಿ ಮಂದಿ ಅದಾರ. ನಾಳೆ ತಂಗಿ ಲಗ್ನಾ ಆಗ್ಬೇಕ್ರಿ. ಕೆಲಸಾ ಹೇಳ್ರಿ, ಅರ್ಧಾ ದಿನ ಅಲ್ಲ, ಎಂಟ ದಿನ ಮಾಡ್ತೀನಿ. ಊಟದ್ದೊಂದು ಬಿಟ್ಟಬಿಡ್ರಿ."

"ಹೊಟ್ಟಿ ಮನ್ಯಾಗ ಬಿಟ್ಟು ಬರೇ ತೋಳ ತಂದ್ರ ಅದು ಮುಯ್ಯಿ ಅಲ್ಲ ಸಿದ್ದಪ್ಪಾ, ಕೂಲಿ. ಕೂಲಿ ಅಂದ್ರ ಹೇಳು, ಈಗ ಕೊಡ್ತೀನಿ."

ಅವನ ಮುಖ ಕೆಂಪಾಯಿತು. ಅವರ ಮನೆತನಕ್ಕೆ ನಮ್ಮ ಕೇರಿಯವರು ಕೂಲಿ ಕೊಡುತ್ತೇನೆ ಎಂದದ್ದು ಅದೇ ಮೊದಲು. ಗುದ್ದಲಿಯನ್ನೂ ತೆಗೆದುಕೊಳ್ಳದೆ ನಡೆದುಬಿಟ್ಟ. ಅದೇ ನಡಿಗೆ, ಕಾಲು ಕಿತ್ತಿಟ್ಟು.

ಗೋಡೆ ಕಟ್ಟುವ ಗೌಂಡಿ ದಿನಾ ಕೇಳುತ್ತಾನೆ, "ಸರ್ರ, ಮೂಡಣ ಕಡೆ ನಾವ ಅಗದ ಬಿಡೂಣೇನ್ರಿ? ಮಳಿ ಬಂದ್ರ ಕುಸೀತದ." ಬೇಡ ಎಂದಿದ್ದೇನೆ. ಉಳಿದ ಮೂರು ಗೋಡೆಗಳು ನನ್ನ ಎತ್ತರಕ್ಕೆ ಎದ್ದಿವೆ. ನಾಲ್ಕನೆಯದರ ಗುಂಡಿ ಅರ್ಧಕ್ಕೆ ನಿಂತಿದೆ, ಅವನ ಗುದ್ದಲಿ ಅದರಲ್ಲೇ ನಾಟಿದೆ. ಅವ್ವ ಹೊಸ ತಾಟನ್ನು ತೊಳೆದು ಬೋರಲು ಹಾಕಿಟ್ಟಿದ್ದಾಳೆ. ನನ್ನ ಅರ್ಧ ದಿನ ಅವನ ಮೇಲೆ ಇನ್ನೂ ಬಾಕಿ ಇದೆ. ಉಣ್ಣುವ ದಿನ ಬಂದು ತೀರಿಸಲಿ.